ಶನಿವಾರಕ್ಕೆ ಬರುವವಳು

"ಅಮ್ಮ, ನಾನು ಕಾಲೇಜಿಗೇ ಹೋಗ್ತೀನಿ. ಯೂನಿವರ್ಸಿಟಿ ಬೇಡ."

ಬಟ್ಟೆಯಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಮಗಳು ಹೇಳಿದ ಮೇಲೂ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕಾರು ಕಾಯಿ ಬಿಡಿಸಿದ ಮೇಲೆ ಆ ಮಾತು ಕಿವಿಯಿಂದ ತಲೆಗೆ ಇಳಿಯಿತು. ಪಾತ್ರೆಗೆ ನಾರನ್ನೂ ಕಸದ ತಟ್ಟೆಗೆ ಬೀನ್ಸನ್ನೂ ಹಾಕುತ್ತಿದ್ದೇನೆಂಬುದು ಆಗ ಗೊತ್ತಾಯಿತು.

"ಏನಂದೆ?"

"ಕಾಲೇಜು ಅಂದೆ."

"ಲೇ ಗುಬ್ಬಿ, ತಲೆ ನೆಟ್ಟಗಿದೆಯಾ? ನಿನ್ನೆ ತಾನೇ ನಿಮ್ಮಪ್ಪನ್ನ ಒಪ್ಪಿಸಿದ್ದೀನಿ. ಅದಕ್ಕೆ ಎಷ್ಟು ದಿನ ಗಂಟಲು ಹರ್ಕೊಂಡಿದ್ದೀನಿ ಗೊತ್ತಾ? ನಿಮ್ಮಜ್ಜಿ ಹತ್ರ ಅನ್ನಿಸ್ಕೋಬಾರದ್ದೆಲ್ಲ ಅನ್ನಿಸ್ಕೊಂಡೆ."

"ಗೊತ್ತಮ್ಮ."

"ಗೊತ್ತಿದ್ದೂ ಹೀಗಂತೀಯಾ?"

ಗುಬ್ಬಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಇಟ್ಟ ಹೆಸರು. ಈಗ ಅಪ್ಪನಿಗಿಂತ ಎತ್ತರ. ಬಂದು ತಾಯಿಯ ಎದುರು ಕೂತಳು. ಕಸದ ತಟ್ಟೆಯಿಂದ ಬೀನ್ಸು ಆರಿಸಿ ಪಾತ್ರೆಗೆ ಹಾಕತೊಡಗಿದಳು.

ಆ ಊರಿನಲ್ಲಿ ಹೈಸ್ಕೂಲು ಮುಗಿಸಿದವರ ಮುಂದೆ ಎರಡು ದಾರಿ. ಕಾಲೇಜಿಗೆ ಬೀದಿಯ ತಿರುವಿನಲ್ಲೇ ಬಸ್ಸು ಸಿಗುತ್ತದೆ. ಎರಡು ವರ್ಷ ಒಂದು ಕಸುಬು ಕಲಿಸಿ, ಡಿಪ್ಲೊಮಾ ಕೊಟ್ಟು ಕಳಿಸುತ್ತಾರೆ. ಬೆಳಗ್ಗೆ ಹೋದವರು ಸಂಜೆ ಮನೆಯಲ್ಲಿರುತ್ತಾರೆ. ಯೂನಿವರ್ಸಿಟಿ ಪಕ್ಕದ ನಗರದಲ್ಲಿ. ಅಲ್ಲಿ ಹಾಸ್ಟೆಲ್ಲು, ದೊಡ್ಡ ಗ್ರಂಥಾಲಯ, ನಾಲ್ಕು ವರ್ಷ ಓದಿದರೆ ಡಿಗ್ರಿ. ಗುಬ್ಬಿಯ ಅಣ್ಣ ಅಲ್ಲಿಗೇ ಹೋಗಿ ಬಂದು ಈಗ ಫೋನ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾನೆ. ಅವನು ಹೊರಟಾಗ ಮನೆಯಲ್ಲಿ ಯಾವ ಚರ್ಚೆಯೂ ಆಗಿರಲಿಲ್ಲ. "ಹೋಗ್ತೀನಿ" ಅಂದ. ಮಾರನೆಯ ದಿನ ಟ್ರಂಕು ಬಂತು.

ಗುಬ್ಬಿಯ ಸರದಿ ಬಂದಾಗ ಮಾತ್ರ ಎಲ್ಲರಿಗೂ ವಿದ್ಯಾಭ್ಯಾಸದ ವಿಷಯದಲ್ಲಿ ಅಭಿಪ್ರಾಯ ಹುಟ್ಟಿತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಅಪ್ಪ, "ಕಸುಬು ಕಲಿತ್ರೆ ಬೇಗ ಕಾಲಮೇಲೆ ನಿಂತ್ಕೋತಾಳೆ. ಕಾಲೇಜೇ ಸರಿ" ಅಂದ. ಅಜ್ಜಿ, "ಹಾಸ್ಟೆಲ್ ಊಟ ತಿಂದು ಕಡ್ಡಿ ಆಗ್ತಾಳೆ ಮಗು" ಎಂದು ಕಣ್ಣಂಚು ಒರೆಸಿಕೊಂಡರು. ಅಣ್ಣನಂತೂ, "ಯೂನಿವರ್ಸಿಟೀಲಿ ಏನಿದೆ ಮಣ್ಣು? ನಾನು ನೋಡಿಲ್ವಾ?" ಎಂದು ಅನುಭವಸ್ಥನ ಹಾಗೆ ಕೈಯಾಡಿಸಿದ.

ಬಟ್ಟೆಯಕ್ಕ ಒಬ್ಬಳೇ ಅವರೆಲ್ಲರಿಗೂ ಎದುರು ನಿಂತಳು. ಅದಕ್ಕೆ ಕಾರಣವೂ ಇತ್ತು. ಅವಳೂ ಒಂದು ಕಾಲದಲ್ಲಿ ಶಾಲೆಗೇ ಮೊದಲು ಬಂದವಳು. ಫಲಿತಾಂಶ ಬಂದ ವಾರವೇ ಅವಳ ತಾಯಿ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡರು. ಅಮ್ಮ ಎದ್ದು ಓಡಾಡುವ ತನಕ ಮನೆ ನೋಡಿಕೋ, ಆಮೇಲೆ ಓದು ಇದ್ದೇ ಇದೆ ಎಂದರು ಎಲ್ಲರೂ. ಅಮ್ಮ ಎದ್ದರು, ಓಡಾಡಿದರು, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದರು. ಇನ್ನು ನೀನು ಓದಲು ಹೋಗು ಎಂದು ಹೇಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಮದುವೆಯಾಯಿತು, ಮಗ ಹುಟ್ಟಿದ, ಅವನು ಹಾಲು ಬಿಟ್ಟ ವರ್ಷ ದೊಡ್ಡ ಹೋಟೆಲ್ಲಿನ ನೆಲಮಾಳಿಗೆಯಲ್ಲಿ ಬಟ್ಟೆ ವಿಭಾಗಕ್ಕೆ ಸೇರಿದಳು. ಮೇಲಿನ ಕೋಣೆಗಳಿಂದ ಬರುವ ಹಾಸು, ದಿಂಬಿನ ಚೀಲ, ಟವೆಲುಗಳನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಮಡಚಿ, ಮತ್ತೆ ಮೇಲೆ ಕಳಿಸುವ ಕೆಲಸ. ಮ್ಯಾನೇಜರಿಂದ ಗೇಟಿನವನವರೆಗೆ ಎಲ್ಲರಿಗೂ ಅವಳು ಬಟ್ಟೆಯಕ್ಕ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ.

ನನ್ನ ಹಾಗೆ ಇವಳು ಆಗಕೂಡದು ಎಂದು ಹಟ ಹಿಡಿದಳು. ವಾದ ಮಾಡಿದಳು, ಮುನಿಸಿಕೊಂಡಳು, ಗಂಡನ ಜೊತೆ ಮಾತು ಬಿಟ್ಟಳು. ಯಾವುದಕ್ಕೂ ಅವನು ಜಗ್ಗಲಿಲ್ಲ. ಕೊನೆಗೆ ಹಿಂದಿನ ದಿನ, ಊಟದ ಮೇಜಿನಲ್ಲಿ, ಬೇರೆ ಪಟ್ಟು ಹಾಕಿದಳು.

"ರೀ, ಯೂನಿವರ್ಸಿಟಿ ಏನು ಚಂದ್ರನ ಮೇಲಿದೆಯಾ? ಶುಕ್ರವಾರ ಸಂಜೆ ಬಸ್ ಹತ್ತಿದ್ರೆ ಊಟದ ಹೊತ್ತಿಗೆ ಮನೇಲಿರ್ತಾಳೆ. ಶನಿವಾರ ಎಲ್ಲ ಎಂದಿನ ಹಾಗೇ ನಡೆಯತ್ತೆ."

ಗಂಡನ ಹುಬ್ಬಿನ ಗಂಟು ಸಡಿಲವಾಯಿತು. ಅತ್ತೆ ತಮ್ಮ ಹೆಗಲನ್ನು ತಾವೇ ಸವರಿಕೊಂಡು, "ಹಾಗಾದ್ರೆ ಸರಿ ಬಿಡು" ಅಂದರು. ಮಗ, "ಹೋಗ್ಲಿ ಪಾಪ, ಓದ್ಲಿ" ಅಂದ. ಇಷ್ಟು ದಿನ ಗುದ್ದಿದರೂ ಬಿರುಕು ಬಿಡದ ಗೋಡೆ ಒಂದು ಮಾತಿಗೆ ಉರುಳಿತ್ತು. ಬಟ್ಟೆಯಕ್ಕ ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದಳು.

ಶನಿವಾರವೆಂದರೆ ಆ ಮನೆಯ ದೊಡ್ಡ ಕೆಲಸದ ದಿನ. ಹೋಟೆಲ್ಲಿನಲ್ಲೂ ಅಂದೇ ಹೆಚ್ಚು ಜನ ಕೋಣೆ ಖಾಲಿ ಮಾಡುವುದರಿಂದ ಬಟ್ಟೆಯಕ್ಕ ಬೆಳಕು ಹರಿಯುವಾಗಲೇ ಹೊರಡಬೇಕು. ಊರವರ ಹಾಸುಗಳನ್ನು ಅವಳು ಅಲ್ಲಿ ಮಡಚುವಾಗ ಅವಳ ಮನೆಯ ಹಾಸುಗಳನ್ನು ಗುಬ್ಬಿ ಒಗೆಯುತ್ತಿದ್ದಳು. ಬಚ್ಚಲು ಉಜ್ಜುವುದು, ಅಪ್ಪನ ಸಮವಸ್ತ್ರಕ್ಕೆ ಇಸ್ತ್ರಿ, ಅಣ್ಣ ಮಂಚದಡಿಗೆ ತಳ್ಳಿದ ಪ್ಯಾಂಟುಗಳನ್ನು ಕೋಲು ಹಾಕಿ ಎಳೆಯುವುದು. ಎಲ್ಲಕ್ಕಿಂತ ಹೆಚ್ಚಿನದು ಅಜ್ಜಿಯ ತಲೆಸ್ನಾನ. ಅಜ್ಜಿಯ ತೋಳು ಹೆಗಲಿನಿಂದ ಮೇಲೆ ಏಳುವುದಿಲ್ಲ, ಕೂದಲು ಮಾತ್ರ ಸೊಂಟದವರೆಗಿದೆ, ಕತ್ತರಿಸಲು ಒಪ್ಪುವುದಿಲ್ಲ. ಇದನ್ನೆಲ್ಲ ಮಾಡು ಎಂದು ಗುಬ್ಬಿಗೆ ಯಾರೂ ಹೇಳಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕೈ ಎಟುಕಿದ ದಿನದಿಂದ ಒಂದೊಂದಾಗಿ ಅವಳ ಪಾಲಿಗೆ ಜಾರಿದ್ದವು.

ಈಗ ಅದೇ ಗುಬ್ಬಿ ಬೀನ್ಸು ಆರಿಸಿ ಮುಗಿಸಿ, ಕೈ ಒರೆಸಿಕೊಂಡು, "ಅಮ್ಮ, ಈ ಊರಿನ ಕಾಲೇಜಲ್ಲ" ಅಂದಳು.

"ಮತ್ತೆ?"

"ದೂರದ್ದು. ಬಂದರಿನ ಊರು. ರೈಲಲ್ಲಿ ಒಂದು ಹಗಲು, ಒಂದು ರಾತ್ರಿ."

ಬಟ್ಟೆಯಕ್ಕನಿಗೆ ಮೊದಲು ನಗು ಬಂತು. ಯೂನಿವರ್ಸಿಟಿಯೆಂದರೆ ದೂರ, ಕಾಲೇಜೆಂದರೆ ಹತ್ತಿರ. ಇಷ್ಟು ದಿನ ಮನೆಮಂದಿಯೆಲ್ಲ ಜಗಳವಾಡಿದ್ದೇ ಆ ಲೆಕ್ಕದ ಮೇಲೆ. ಯೂನಿವರ್ಸಿಟಿಗಿಂತ ದೂರದಲ್ಲೂ ಒಂದು ಕಾಲೇಜು ಇರಬಹುದೆಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ.

"ಅಲ್ಲೇನಿದೆ ಅಂಥಾದ್ದು?"

"ಲಿಫ್ಟು."

"ಏನು?"

"ಲಿಫ್ಟು, ಕ್ರೇನು. ಕೂರ್ಸೋದು, ರಿಪೇರಿ ಮಾಡೋದು. ಅದನ್ನ ಸರಿಯಾಗಿ ಕಲಿಸೋದು ಅಲ್ಲಿ ಮಾತ್ರ. ಹೆಡ್ ಮೇಡಂ ಸಹಾಯ ಮಾಡಿದ್ರು. ಸೀಟು ಸಿಕ್ಕಿದೆ. ಶನಿವಾರದೊಳಗೆ ಫೋನ್ ಮಾಡಿ ಬರ್ತೀನಿ ಅನ್ಬೇಕು. ಮನೇಲಿ ಒಬ್ಬರು ದೊಡ್ಡೋರು ಅವರ ಹತ್ರ ಮಾತಾಡ್ಬೇಕಂತೆ."

ಲಿಫ್ಟ್ ಎಂದೊಡನೆ ಬಟ್ಟೆಯಕ್ಕನ ಕಣ್ಣಿಗೆ ಕಟ್ಟಿದ್ದು ಹೋಟೆಲ್ಲಿನ ಹಿಂಬದಿಯ ಸಾಮಾನಿನ ಲಿಫ್ಟು. ಗುಬ್ಬಿ ಚಿಕ್ಕವಳಿದ್ದಾಗ, ಶಾಲೆಗೆ ರಜೆಯೆಂದು ಜೊತೆಗೆ ಕರೆದೊಯ್ದ ದಿನ, ಟವೆಲು ತುಂಬಿದ ಗಾಡಿಯ ಸಮೇತ ಅವಳು ಅದರೊಳಗೆ ಸಿಕ್ಕಿಹಾಕಿಕೊಂಡಿದ್ದಳು. ಎರಡು ಮಹಡಿಗಳ ನಡುವೆ ನಿಂತ ಆ ಪೆಟ್ಟಿಗೆಗೆ ಹೊರಗಿನಿಂದ ಗುದ್ದಿ ಗುದ್ದಿ ಬಟ್ಟೆಯಕ್ಕನ ಮುಷ್ಟಿ ಊದಿತ್ತು.

"ಅವತ್ತು ನಿನ್ನ ಜೀವ ಉಳಿದದ್ದೇ ಹೆಚ್ಚು. ಆ ದರಿದ್ರದ್ದರ ಹತ್ರಾನೇ ಹೋಗ್ತೀನಿ ಅಂತೀಯಲ್ಲೇ!"

"ನೀನು ಹೊರಗೆ ಅಳ್ತಿದ್ದೆ, ನಿಂಗೆ ಕೇಳಿಸ್ಲಿಲ್ಲ. ಮೆಕ್ಯಾನಿಕ್ ತಾತ ಮೇಲಿಂದ ನನ್ನ ಜೊತೆ ಮಾತಾಡ್ತಾನೇ ಇದ್ರು. 'ಈಗ ಬ್ರೇಕ್ ಸಡಿಲ ಮಾಡ್ತೀನಿ, ಒಂದು ಸಲ ಜಗ್ಗತ್ತೆ, ಹೆದರ್ಬೇಡ' ಅಂದ್ರು. ಅವರು ಹೇಳಿದ ಹಾಗೇ ಜಗ್ತು. ಕೈಯಲ್ಲಿ ಚಕ್ರ ತಿರುಗಿಸಿ ನನ್ನನ್ನ ಇಳಿಸಿದ್ರು. ಆಮೇಲೆ ಪ್ರತಿ ರಜೇಲೂ ಅವರ ಹತ್ರ ಹೋಗಿ ಕೂರ್ತಿದ್ದೆ. ಎಷ್ಟೋ ಸಲ ಮೇಲಿನ ಯಂತ್ರದ ಕೋಣೇಗೂ ಕರ್ಕೊಂಡು ಹೋಗಿದ್ದಾರೆ."

"ನೀನು ದಿಂಬಿನ ಚೀಲ ಎಣಿಸ್ತೀನಿ ಅಂತ ಹೋಗ್ತಿದ್ದೆಯಲ್ಲ?"

"ಅದನ್ನೂ ಎಣಿಸ್ತಿದ್ದೆ."

ತಾನು ಹೆತ್ತ ಮಗಳು, ಒಂದೇ ಬಾಚಣಿಗೆ ಹಂಚಿಕೊಂಡು ಬೆಳೆದವಳು, ವರ್ಷಗಟ್ಟಲೆ ತನ್ನ ತಲೆಯ ಮೇಲಿನ ಮಹಡಿಯಲ್ಲಿ ಬೇರೊಂದು ಬದುಕು ಬದುಕಿದ್ದಳು. ಬಟ್ಟೆಯಕ್ಕ ಗೋಡೆಗೆ ಒರಗಿದಳು.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ನಾನು ನಿನಗೋಸ್ಕರ ಹೊಡೆದಾಡ್ತಿದ್ರೆ ಸುಮ್ನೆ ನೋಡ್ತಿದ್ಯಲ್ಲೇ!"

"ಯಾರೂ ಕೇಳ್ಲಿಲ್ವಲ್ಲಮ್ಮ. ಎಲ್ಲಿ ಓದ್ಬೇಕು ಅಂತ ಕಿತ್ತಾಡಿದ್ರಿ. ಏನು ಓದ್ತೀಯ ಅಂತ ಅಪ್ಪ ಕೇಳ್ಲಿಲ್ಲ, ಅಜ್ಜಿ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಬಟ್ಟೆಯಕ್ಕ ನೆನಪು ಕೆದಕಿದಳು. ಗಂಡನಿಗೆ ಹೇಳಿದ ಮಾತು, ಅತ್ತೆಗೆ ತಿರುಗಿಸಿಕೊಟ್ಟ ಮಾತು, ಒಂದನ್ನೂ ಬಿಡದೆ ನೆನೆದಳು. ಯೂನಿವರ್ಸಿಟಿ, ಯೂನಿವರ್ಸಿಟಿ ಎಂದು ಎದೆ ಬಡಿದುಕೊಂಡದ್ದಷ್ಟೇ ಸಿಕ್ಕಿತು. ಅಲ್ಲಿ ಹೋಗಿ ಮಗಳು ಗಣಿತ ಓದುತ್ತಾಳೋ ಇತಿಹಾಸ ಓದುತ್ತಾಳೋ ಎಂಬುದು ಅವಳಿಗೇ ಗೊತ್ತಿರಲಿಲ್ಲ.

"ಈಗ ಹೇಳು," ಅಂದಳು ಗುಬ್ಬಿ. "ಬೇಡ ಅಂದ್ರೆ ಹೋಗಲ್ಲ. ಹೋಗು ಅಂದ್ರೆ ಹೋಗ್ತೀನಿ. ನಿನ್ನ ಬಾಯಿಂದ ಕೇಳ್ಬೇಕು."

ಹೋಗು ಎಂದು ಹೇಳಲೆಂದೇ ಬಟ್ಟೆಯಕ್ಕ ಬಾಯಿ ತೆರೆದಳು. ನಿಜವಾಗಿಯೂ ಹಾಗೆಂದೇ ತೆರೆದದ್ದು. ಹೊರಗೆ ಬಂದ ಮಾತು ಬೇರೆ.

"ಮತ್ತೆ ಶನಿವಾರ?"

ಗುಬ್ಬಿ ತಾಯಿಯ ಮುಖವನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳ ಕಣ್ಣಲ್ಲಿ. ಅದಿದ್ದರೆ ಎಷ್ಟೋ ಮೇಲಿತ್ತು.

"ನೀನೂನಾ ಅಮ್ಮ?" ಎಂದು ಹೇಳಿ ಒಳಗೆ ಹೋದಳು.

ಬಟ್ಟೆಯಕ್ಕನಿಗೆ ಕಪಾಳಕ್ಕೆ ಯಾರೋ ಬಾರಿಸಿದ ಹಾಗಾಯಿತು. ಬಾರಿಸಿದ ಕೈ ತನ್ನದೇ. ಶನಿವಾರ ಬರುತ್ತಾಳೆ ಎಂದು ಗಂಡನಿಗೆ ಹೇಳಿದ್ದು ಅವನನ್ನು ಒಪ್ಪಿಸಲು ಹೂಡಿದ ಉಪಾಯ ಎಂದುಕೊಂಡಿದ್ದಳು. ಗಂಡ ಆ ಗಾಳಕ್ಕೆ ಸಿಕ್ಕಿದ, ಅತ್ತೆ ಸಿಕ್ಕಿದರು ಎಂದು ಹಿಗ್ಗಿದ್ದಳು. ಅದೇ ಗಾಳ ತನ್ನ ಗಂಟಲಲ್ಲೂ ಇತ್ತು. ಮಗಳ ಬಿಡುಗಡೆಗೆ ಹೋರಾಡುತ್ತಿದ್ದೇನೆ ಎಂದುಕೊಂಡವಳು ಬಸ್ಸಿನ ವೇಳೆ ನೋಡಿ ಹಗ್ಗದ ಉದ್ದ ಅಳೆದಿದ್ದಳು.

ಮರುದಿನ ಹೋಟೆಲ್ಲಿನಲ್ಲಿ ಹಾಸು ಮಡಚುವಾಗ ಅವಳ ಕಡೆಯ ಅಂಚು ಮತ್ತೆ ಮತ್ತೆ ಜಾರಿತು. ಎದುರು ತುದಿ ಹಿಡಿದವಳು ಉದ್ದಕ್ಕ. ಇಬ್ಬರೂ ಎಷ್ಟೋ ವರ್ಷದಿಂದ ಜೋಡಿ. ಒಬ್ಬಳ ಕೈ ಎತ್ತ ಹೋಗುತ್ತದೆಂದು ಇನ್ನೊಬ್ಬಳಿಗೆ ಮಾತಿಲ್ಲದೆ ಗೊತ್ತು.

"ಯಾಕೆ ಬಟ್ಟೆಯಕ್ಕ, ಕೈ ಮನೇಲೇ ಬಿಟ್ಟು ಬಂದ್ಯಾ?"

ಬಟ್ಟೆಯಕ್ಕ ಎಲ್ಲ ಹೇಳಿಕೊಂಡಳು. ತನ್ನ ಬಾಯಿಂದ ಜಾರಿದ ಆ ಎರಡು ಶಬ್ದ ಹೇಳುವಾಗ ಸುತ್ತ ನೋಡಿ ದನಿ ತಗ್ಗಿಸಿದಳು.

ಉದ್ದಕ್ಕ ಸಮಾಧಾನ ಹೇಳಲಿಲ್ಲ. "ಆ ಮಾತು ಬರ್ದೆ ಇನ್ನೇನು? ನನ್ನ ಮಗಳ ಮದುವೇಲಿ ಎಲ್ಲರಿಗಿಂತ ಜೋರಾಗಿ ಅತ್ತೋಳು ನಾನೇ. 'ಎಂಥಾ ತಾಯಿಕರುಳು' ಅಂತ ಬೀಗಿತ್ತಿ ಹೊಗಳಿದ್ದೇ ಹೊಗಳಿದ್ದು. ನಾನು ಅಳ್ತಿದ್ದದ್ದು ನಾಳೆಯಿಂದ ಬಚ್ಚಲು ಯಾರು ಉಜ್ತಾರಪ್ಪಾ ಅಂತ."

ಬಟ್ಟೆಯಕ್ಕನಿಗೆ ನಗು ಬಂತು, ನಕ್ಕದ್ದಕ್ಕೆ ನಾಚಿಕೆಯೂ ಆಯಿತು.

"ಆಮೇಲೆ ಯಾರು ಉಜ್ಜಿದ್ರು?"

"ಇನ್ಯಾರು? ಈ ಮಹಾರಾಣಿ." ಉದ್ದಕ್ಕ ಹಾಸನ್ನು ಪಟ್ಟೆಂದು ಕೊಡವಿದಳು. "ನಾನು ಯಾರನ್ನೂ ಕರೀಲಿಲ್ಲ. ಕರೀದೇ ಇದ್ರೆ ಯಾರು ಬರ್ತಾರೆ? ನೀನು ಕರೆದು ನೋಡು. ಮತ್ತೆ ನಿನ್ನ ಮಗಳಿಗೆ ಹೇಳು, ಓದು ಮುಗಿಸಿ ಮೊದಲು ಈ ಲಿಫ್ಟನ್ನ ಸರಿ ಮಾಡ್ಲಿ. ಮೆಟ್ಲು ಹತ್ತಿ ಹತ್ತಿ ನನ್ನ ಮಂಡಿ ಕಿತ್ತು ಕೈಗೆ ಬಂದಿದೆ."

ಆ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಬಟ್ಟೆಯಕ್ಕ ಪೀಠಿಕೆ ಹಾಕಲಿಲ್ಲ.

"ಗುಬ್ಬಿ ಬಂದರಿನ ಊರಿಗೆ ಹೋಗ್ತಿದ್ದಾಳೆ. ಅಲ್ಲಿನ ಕಾಲೇಜಲ್ಲಿ ಲಿಫ್ಟಿನ ಕೆಲಸ ಕಲೀತಾಳೆ. ಎರಡು ವರ್ಷ. ರಜೇಲಿ ಮಾತ್ರ ಬರ್ತಾಳೆ."

ಗುಬ್ಬಿ ತಲೆಯೆತ್ತಿ ತಾಯಿಯನ್ನು ನೋಡಿದಳು. ಅಪ್ಪನ ತುತ್ತು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅಣ್ಣನ ಬಾಯಿಂದ, "ಲಿಫ್ಟಾ? ಇವಳಾ?" ಎಂದಷ್ಟೇ ಹೊರಟಿತು. ಅಪ್ಪ ಗಂಟಲು ಸರಿಮಾಡಿಕೊಂಡು, ಹೆಣ್ಣುಮಗಳ ಸುರಕ್ಷತೆ, ಬಂದರಿನ ಊರಿನ ಹವೆ, ಯಂತ್ರದ ಅಪಾಯ ಎಂದು ಒಂದೊಂದಾಗಿ ವಿಂಗಡಿಸುತ್ತಿದ್ದ. ಅಷ್ಟರಲ್ಲಿ ಅಜ್ಜಿ, ಕಣ್ಣೀರಿಲ್ಲದೆ, ಸೋಗಿಲ್ಲದೆ, ದಾರಿ ತಪ್ಪಿದ ಮಗುವಿನ ದನಿಯಲ್ಲಿ ಕೇಳಿಬಿಟ್ಟರು:

"ಹಾಗಾದ್ರೆ ನನ್ನ ತಲೆ ಯಾರು ತೊಳೀತಾರೆ?"

ಅಪ್ಪನ ಮಾತು ಅಲ್ಲಿಗೇ ತುಂಡಾಯಿತು. ಎಲ್ಲರೂ ಬೆಚ್ಚಿದರು, ಎಲ್ಲರಿಗಿಂತ ಹೆಚ್ಚಾಗಿ ಅಜ್ಜಿಯೇ. ಕೇಳಬಾರದ್ದನ್ನು ಕೇಳಿದವರ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಾನೂ ಅದನ್ನೇ ಕೇಳ್ದೆ, ಅತ್ತೆ," ಅಂದಳು ಬಟ್ಟೆಯಕ್ಕ. ಮಗಳ ಕಡೆ ನೋಡದೆ ಹೇಳಿದಳು. ನೋಡಿದರೆ ಮುಂದೆ ಹೇಳಲಾಗುತ್ತಿರಲಿಲ್ಲ. "ನಿನ್ನೆ ಅವಳು ಹೋಗ್ಲಾ ಅಂತ ಕೇಳಿದ್ರೆ ನಾನು ಶನಿವಾರದ ಕತೆ ಏನು ಅಂದೆ. ಹೆತ್ತೋಳು ಅಂದ ಮಾತು ಅದು. ನೀವು ಕೇಳಿದ್ರಲ್ಲಿ ತಪ್ಪೇನಿಲ್ಲ. ನಿಮ್ಮ ತೋಳು ಮೇಲೇಳಲ್ಲ, ಯಾರಾದ್ರೂ ತೊಳೀಲೇಬೇಕು. ನಿಮ್ಮ ಮಗ ತೊಳೀತಾರೆ."

"ನಾನಾ?" ಅಂದ ಗಂಡ.

"ಇವರಿಗೆ ಬೇರೆ ಮಗ ಇದ್ದಾರಾ?"

"ಅಲ್ಲ ಕಣೇ... ನನಗೆ ಹೇಗೆ ಬರತ್ತೆ? ಅಷ್ಟುದ್ದ ಕೂದಲು!"

"ಗುಬ್ಬಿ ಹೊಟ್ಟೇಲೇ ಕಲಿತ್ಕೊಂಡು ಬಂದಿದ್ಲಾ?"

ಅಜ್ಜಿ ಕೈ ಕೊಡವಿದರು. "ಅಯ್ಯಯ್ಯೋ, ಗಂಡಸು ನನ್ನ ತಲೆ ತೊಳೆಯೋದೇ? ಬೇಡ, ಗಬ್ಬು ನಾರ್ಕೊಂಡೇ ಇರ್ತೀನಿ."

"'ಅವನು ಬಚ್ಚಲಲ್ಲಿ ಕಿರುಚಾಡ್ತಿದ್ರೂ ಬಿಡದೆ ಮೀಸೆ ಬರೋವರೆಗೂ ಅವನ ತಲೆ ತೊಳೆದೆ' ಅಂತ ನೀವೇ ಹೇಳ್ತಿರ್ತೀರಲ್ಲ ಅತ್ತೆ. ಈಗ ಅವರ ಸರದಿ." ಆಮೇಲೆ ಮಗನ ಕಡೆ ತಿರುಗಿದಳು. "ನೀನು ನಗ್ಬೇಡ. ಹಾಸು, ಬಚ್ಚಲು, ನಿನ್ನ ಪ್ಯಾಂಟು ನಿನ್ನ ಪಾಲಿಗೆ."

ಮಗನ ನಗು ಅರ್ಧಕ್ಕೆ ನಿಂತಿತು.

ಶನಿವಾರ ಬಟ್ಟೆಯಕ್ಕ ಎಂದಿನಂತೆ ಕೆಲಸಕ್ಕೆ ಹೋದಳು. ಮಧ್ಯಾಹ್ನ ಇಳಿಹೊತ್ತಿಗೆ ಬೀದಿಯ ತಿರುವಿನಲ್ಲಿ ಬಸ್ಸಿಳಿದು ಸರಸರ ನಡೆದಳು. ಯಾರೂ ಏನೂ ಮಾಡಿರುವುದಿಲ್ಲ, ಗುಬ್ಬಿಯೇ ಎಲ್ಲ ಮುಗಿಸಿರುತ್ತಾಳೆ. ದಾರಿಯುದ್ದಕ್ಕೂ ಅದೇ ಯೋಚನೆ.

ಮನೆಯೊಳಗೆ ಕಾಲಿಟ್ಟವಳು ದಂಗಾದಳು. ನಡುಮನೆಯವರೆಗೆ ನೀರು. ಹಗ್ಗದ ಮೇಲೆ ಬಿಳಿಯ ಹಾಸುಗಳು ತೆಳು ನೀಲಿಯಾಗಿ ನೇತಾಡುತ್ತಿದ್ದವು. ಮಗ ಅವುಗಳ ಜೊತೆಗೇ ತನ್ನ ಹೊಸ ಪ್ಯಾಂಟನ್ನೂ ಒಗೆದಿದ್ದ. ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ಹಳೆಯ ಸೀರೆ ಸುತ್ತಿಕೊಂಡು ಮಣೆಯ ಮೇಲೆ ಕೂತಿದ್ದರು. ಕೂದಲು ಕಾಣುತ್ತಿರಲಿಲ್ಲ, ನೊರೆಯ ಗುಡ್ಡವಷ್ಟೇ. ಹಿಂದೆ ಗಂಡ ಸೊಂಟದವರೆಗೆ ನೆನೆದು, ಚೊಂಬು ಹಿಡಿದು, ಎಲ್ಲಿ ಸುರಿಯಲಿ ಎಂದು ತಿಳಿಯದೆ ನಿಂತಿದ್ದ.

"ಕಿವಿಗೆ ಹೋಯ್ತು! ಕಣ್ಣಿಗೂ ಹೋಯ್ತು! ಇದು ತಲೆ ಕಣೋ, ಅಂಚೆ ಚೀಲ ಅಲ್ಲ!"

"ಅಲ್ಲಾಡ್ಬೇಡ ಅಂದೆನಲ್ಲಮ್ಮ!"

ಗುಬ್ಬಿ ಕಾಣಲಿಲ್ಲ. ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದರೆ, ಮಂಚದ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದಳು.

"ಬೆಳಗ್ಗಿನಿಂದ ಹೀಗೇ ಕೂತಿದ್ದೀನಿ," ಅಂದಳು. ಅಳು ನಗು ಎರಡೂ ಒಟ್ಟಿಗೆ ಬಂದಿದ್ದವು ಮುಖದಲ್ಲಿ. "ಅಜ್ಜಿ ಕೂಗಿದಾಗ್ಲೆಲ್ಲ ಕೈ ತಾನೇ ಏಳತ್ತಮ್ಮ. ಹಿಡ್ಕೊಳಕ್ಕೇ ಆಗ್ತಿಲ್ಲ."

ಬಟ್ಟೆಯಕ್ಕ ಅವಳ ಪಕ್ಕ ಕೂತಳು. ಇಷ್ಟು ಚಿಕ್ಕ ವಯಸ್ಸಿಗೇ ಕೈಗೆ ಇಂಥ ಅಭ್ಯಾಸ ಅಂಟಿಸಿದವಳು ತಾನೇ ಎಂಬುದು ಎದೆಗೆ ನಾಟಿತು.

"ಫೋನ್ ಕೊಡು," ಅಂದಳು.

ಗುಬ್ಬಿ ಕರೆ ಹಚ್ಚಿಕೊಟ್ಟಳು. ಆ ಕಡೆ ಕಾಲೇಜಿನ ಹೆಂಗಸೊಬ್ಬಳು ಬಿರುಸಾಗಿ ಮಾತಾಡಿದಳು. ಹುಡುಗಿಯ ತಾಯಿಯೇ ಅಲ್ಲವೇ, ಕಳಿಸಲು ಮನೆಯವರ ಒಪ್ಪಿಗೆ ಇದೆಯೇ ಎಂದು ಕೇಳಿದಳು.

"ಇದೆ," ಅಂದಳು ಬಟ್ಟೆಯಕ್ಕ. "ಬರ್ತಾಳೆ."

ಆ ಹೆಂಗಸು ಸರಿ ಎಂದು ಫೋನ್ ಇಡಲಿಕ್ಕಿದ್ದಳು.

"ಒಂದ್ನಿಮಿಷ, ಇಡ್ಬೇಡಿ. ನೀವು ಅಲ್ಲಿ ಏನೇನು ಕಲಿಸ್ತೀರಿ, ಸ್ವಲ್ಪ ಹೇಳ್ತೀರಾ? ಮೊದಲಿಂದ ಹೇಳಿ. ನಂಗೇನೂ ಗೊತ್ತಿಲ್ಲ."

ಆ ಕಡೆಯವಳು ಹೇಳತೊಡಗಿದಳು. ಮೊದಲ ವರ್ಷ ತಂತಿಹಗ್ಗ, ರಾಟೆ, ಎದುರುತೂಕ. ಪೆಟ್ಟಿಗೆ ಮೇಲೆ ಹೋಗುವಾಗ ಇನ್ನೊಂದು ಕಡೆ ಅಷ್ಟೇ ಭಾರದ್ದೊಂದು ಕೆಳಗೆ ಇಳಿಯುತ್ತದಂತೆ. ಬಟ್ಟೆಯಕ್ಕ ಹೂಂ ಹೂಂ ಎನ್ನುತ್ತ ಕೇಳಿದಳು. ಬಚ್ಚಲಿನಿಂದ ಅತ್ತೆ ಅವಳನ್ನು ಕೂಗಿದರು, ಹಿಂದೆಯೇ ಗಂಡನೂ ಕೂಗಿದ: ಟವೆಲು ಎಲ್ಲಿದೆ ಕಣೇ? ಅವಳ ಮೈ ಎದ್ದೇಬಿಟ್ಟಿತ್ತು. ಗುಬ್ಬಿ ನೋಡುತ್ತಿದ್ದಳು.

ಬಟ್ಟೆಯಕ್ಕ ಮತ್ತೆ ಕೂತಳು. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, "ಬ್ರೇಕಿನ ವಿಷಯ ಹೇಳಿ," ಅಂದಳು.